ಬೆನ್ನ ಮೇಲಿನ ಕೈ

ಮೊದಲ ಸಲ ಆ ಘಾಟಿ ಹತ್ತಿದಾಗ ನಾನು ಕನಸಿನಲ್ಲಿ ಹೋದ ಹಾಗೆ ಹೋದೆ. ಎರಡನೆಯ ತಿರುವಿನಲ್ಲಿ ಕಾಲು ಸೋತು, ಪೆಡಲು ಕಲ್ಲಾಗಿ, ಇನ್ನೇನು ಸೈಕಲ್ಲು ಪಕ್ಕಕ್ಕೆ ವಾಲುತ್ತದೆ ಅನ್ನುವಾಗ ಬೆನ್ನ ಮೇಲೆ ಒಂದು ಕೈ ಬಂತು. ಸೊಂಟಕ್ಕಿಂತ ಸ್ವಲ್ಪ ಮೇಲೆ, ಅಗಲವಾದ, ಬೆಚ್ಚಗಿನ ಕೈ. ತಳ್ಳುತ್ತಿದೆ ಅಂತಲೂ ಅನ್ನಿಸಲಿಲ್ಲ. ನಿಂತಿದ್ದ ರಸ್ತೆ ಮೆಲ್ಲಗೆ ಮಲಗಿಕೊಂಡಿತು ಅನ್ನಿಸಿತು. ಎರಡೂ ಬದಿಯ ಬಳ್ಳಾರಿ ಜಾಲಿಯ ಪೊದೆಗಳು ಹಿಂದಕ್ಕೆ ತೇಲಿದವು. ನನ್ನ ಕಾಲು ಸುಮ್ಮನೆ ತಿರುಗುತ್ತಿತ್ತು, ನೀರಿನಲ್ಲಿ ಆಡಿಸಿದ ಹಾಗೆ.

ಮೇಲೆ ರಸ್ತೆ ಸಮವಾಗುವ ಕಡೆ ಒಂದು ಚಹಾದಂಗಡಿ. ಅದರ ಮುಂದೆ ನಿಂತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಕೈ ಬೆನ್ನಿನಿಂದ ಸರಿದಿತ್ತು.

"ಹತ್ತೇಬಿಟ್ಳು ನೋಡ್ರಪ್ಪಾ!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವರು ಅಹಲ್ಯಾ ಮೇಡಂ. ಕೈ ಅವರದೇ.

ಮೇಡಂ ಲೋಧಿ ಕಾಲೋನಿಯಲ್ಲಿ ನಮ್ಮ ಎದುರು ಬ್ಲಾಕಿನವರು. ಯಾವುದೋ ಸಚಿವಾಲಯದಲ್ಲಿ ದೊಡ್ಡ ಅಧಿಕಾರಿ. ವಯಸ್ಸು ಐವತ್ತು ದಾಟಿದೆ, ಆದರೆ ಏರಿನಲ್ಲಿ ಅವರ ಉಸಿರು ಮಾತಾಡುವಷ್ಟು ಮಿಕ್ಕಿರುತ್ತದೆ. ದೆಹಲಿ ಚಪ್ಪಟೆ ಊರು. ಇಲ್ಲಿ ಸೈಕಲ್ಲಿನವರಿಗೆ ಏರು ಅಂದರೆ ಫ್ಲೈಓವರ್. ನಿಜವಾದ ಏರು ಬೇಕಿದ್ದರೆ ಗುರುಗ್ರಾಮ ಮತ್ತು ಫರೀದಾಬಾದಿನ ನಡುವೆ ಉಳಿದಿರುವ ಅರಾವಳಿಯ ಗುಡ್ಡಗಳಿಗೆ ಹೋಗಬೇಕು. ಮೇಡಂ ಪ್ರತಿ ಭಾನುವಾರ ಕನ್ನಡದವರ ಒಂದು ಗುಂಪು ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಾರೆ. ಮಿಕ್ಕವರೆಲ್ಲ ಗುರುಗ್ರಾಮದ ಕಂಪನಿಗಳಲ್ಲಿ ದುಡಿಯುವ ಹುಡುಗ ಹುಡುಗಿಯರು. ಗುಂಪಿಗಿರುವುದು ಒಂದೇ ನಿಯಮ. ಘಾಟಿಯಲ್ಲಿ ಯಾರೂ ಸೈಕಲ್ಲಿನಿಂದ ಇಳಿದು ನಡೆಯಬಾರದು. ಸೋತವರ ಬೆನ್ನಿಗೆ ಮೇಡಂ ಕೈ ಬರುತ್ತದೆ. ಒಂದು ಕೈಯಲ್ಲಿ ಅವರ ಹ್ಯಾಂಡಲ್, ಇನ್ನೊಂದರಲ್ಲಿ ಹೊಸಬರ ಬೆನ್ನು. ಎಲ್ಲರೂ ಹಾಗೆಯೇ ಶುರು ಮಾಡಿದವರು, ಆಮೇಲೆ ಕಾಲು ಬಲಿತವರು. ಅದನ್ನು ಯಾರೂ ತಪ್ಪು ಅಂದುಕೊಳ್ಳುವುದಿಲ್ಲ. ಮೊದಲ ಸಲ ಮೇಲೆ ಬಂದವರ ಫೋಟೋ ತೆಗೆದು ವಾಟ್ಸಾಪಿಗೆ ಹಾಕುವುದೂ ಪದ್ಧತಿ.

ನನ್ನದನ್ನೂ ಹಾಕಿದರು. ನಾನು ಮನೆ ತಲುಪುವ ಮೊದಲೇ ಫೋಟೋ ಮನೆ ತಲುಪಿತ್ತು.

"ಚಿಕ್ಕೀ, ಆಪ್ ಸಚ್ಚೀ ಪಹಾಡ್ ಹತ್ತಿದ್ರಾ?" ಎಂದು ಹಂಸಿನಿ ತನ್ನ ಹಿಂದಿ ಬೆರೆತ ಕನ್ನಡದಲ್ಲಿ ಬೆಟ್ಟದ ಸುದ್ದಿ ಕೇಳುತ್ತಾ ಬಾಗಿಲಲ್ಲೇ ಹಿಡಿದಳು. ಅವಳು ನನ್ನ ಅಕ್ಕನ ಮಗಳು. ಅವಳನ್ನು ನೋಡಿಕೊಳ್ಳುವುದಕ್ಕೇ ನಾನು ಅರಸೀಕೆರೆ ಕಡೆಯ ಹಳ್ಳಿಯಿಂದ ಇಲ್ಲಿಗೆ ಬಂದದ್ದು.

ಭಾವ ಚಂದ್ರಕಾಂತ ಕೂತಲ್ಲೇ ಮೊಬೈಲು ಎತ್ತಿ ತೋರಿಸಿದರು. "ನಮ್ಮ ಸೆಕ್ಷನ್ನಿನೋರಿಗೆಲ್ಲ ಕಳಿಸ್ದೆ ಕಣಮ್ಮ. ಸೈಕಲ್ಲು ನಂದೇ ಅಂತಾನೂ ಬರ್ದಿದೀನಿ."

"ಹೌದ್ಹೌದು, ಸೈಕಲ್ಲು ಇವರ್ದು, ಹತ್ತಿದ್ದು ಅವಳು. ಫೈಲು ಒಬ್ರದು, ಸೈನು ಇನ್ನೊಬ್ರದು," ಎಂದಳು ಅಕ್ಕ ಧಾರಿಣಿ.

ಅಡುಗೆಮನೆಯಲ್ಲಿ ನಾವಿಬ್ಬರೇ ಆದಾಗ ನಾನು ಮೆಲ್ಲಗೆ ಹೇಳಿದೆ. "ಅಕ್ಕಾ, ನಾನು ಹತ್ತಲಿಲ್ಲ. ಮೇಡಂ ತಳ್ಳಿದ್ರು."

ಅಕ್ಕ ಒಗ್ಗರಣೆಯಿಂದ ಮುಖ ಎತ್ತದೆ ಹೇಳಿದಳು. "ಈ ಊರಲ್ಲಿ ಯಾರೂ ತಳ್ಳದೆ ಯಾರು ಮೇಲೆ ಹೋಗಿದಾರೆ ಹೇಳು? ನಿಮ್ ಭಾವಂಗೆ ಯಾರಾದ್ರೂ ತಳ್ಳಿದ್ರೆ ನಾವು ಇಷ್ಟೊತ್ತಿಗೆ ದೊಡ್ ಕ್ವಾರ್ಟರ್ಸಲ್ಲಿ ಇರ್ತಿದ್ವಿ."

ನಾನೂ ನಕ್ಕೆ. ಆದರೆ ಸಂಜೆ ಊರಿನಿಂದ ಅಮ್ಮನ ಫೋನು ಬಂತು. ಆ ಫೋಟೋ ಅಲ್ಲಿಯವರೆಗೂ ಹೋಗಿತ್ತು. "ಲಾವಣ್ಯಾ, ಬೆಟ್ಟ ಹತ್ತಿದ್ಯಂತೆ! ಪಕ್ಕದ ಮನೆ ಸುಶೀಲಮ್ಮ ನಂಬ್ತಾನೇ ಇಲ್ಲ ಕಣೇ. ಬಸ್ ಹತ್ತಕ್ಕೆ ಅಂಜ್ತಿದ್ ಹುಡ್ಗಿ ಅಂತಾಳೆ," ಎಂದರು ಅಮ್ಮ. ಅವರ ದನಿಯಲ್ಲಿದ್ದ ಖುಷಿ ನಾನು ಮೊದಲು ಕೇಳಿದ್ದಾಗಿರಲಿಲ್ಲ. "ಹೂಂ" ಅಂದೆ. ಅಷ್ಟೇ.

ಬಸ್ಸಿನ ಮಾತು ನಿಜ. ನಮ್ಮ ಹಳ್ಳಿಯಲ್ಲಿ ಶಾಲೆ ಇದ್ದದ್ದು ಎಂಟನೆಯ ತರಗತಿಯವರೆಗೆ. ಹೈಸ್ಕೂಲಿಗೆ ಬಸ್ಸಿನಲ್ಲಿ ಅರಸೀಕೆರೆಗೆ ಹೋಗಬೇಕಿತ್ತು. ಬಸ್ಸು ಯಾವಾಗಲೂ ತುಂಬಿಕೊಂಡೇ ಬರುತ್ತಿತ್ತು. "ಜಾಗ ಬಿಡಿ" ಅನ್ನುವ ಎರಡು ಮಾತು ನನ್ನ ಬಾಯಿಂದ ಹೊರಡುತ್ತಿರಲಿಲ್ಲ. ನಾನು ಕೆಳಗೇ ನಿಲ್ಲುತ್ತಿದ್ದೆ, ಬಸ್ಸು ಹೋಗುತ್ತಿತ್ತು. ಸ್ವಲ್ಪ ದಿನ ಹೀಗಾದ ಮೇಲೆ ಮನೆಯಲ್ಲೇ ಉಳಿದೆ. ಮಾತಾಡದವರಿಗೆ ನೋಡುವುದಕ್ಕೆ ಬೇಕಾದಷ್ಟು ಸಮಯ ಸಿಗುತ್ತದೆ. ನಾನು ನೋಡುತ್ತಾ ಬೆಳೆದೆ.

ಆ ರಾತ್ರಿ ಮಲಗಿದಾಗಲೂ ಬೆನ್ನಿನ ಮೇಲೆ ಕೈಯ ಬಿಸಿ ಇತ್ತು. ಸುಖವಾಗಿಯೇ ಇತ್ತು, ಅದಕ್ಕೇ ಬೇಜಾರಾಯಿತು. ಆ ಬೆಟ್ಟ ನನಗೆ ಬೇಕಿತ್ತು. ಹೇಗೆ ಬೇಕಿತ್ತು ಅಂದರೆ, ಅಮ್ಮನಿಗೆ ಹೇಳಿದ "ಹೂಂ" ನಿಜವಾಗುವಷ್ಟು.

ಮಾರನೆಯ ದಿನದಿಂದ ಹಂಸಿನಿಯನ್ನು ಶಾಲೆಯ ಬಸ್ಸಿಗೆ ಹತ್ತಿಸಿ ಫ್ಲೈಓವರಿಗೆ ಹೋಗತೊಡಗಿದೆ. ನಮ್ಮ ಕಾಲೋನಿಯ ದೊಡ್ಡ ಕಮಾನು ದಾಟಿ, ಬೇವಿನ ಮರಗಳ ಕೆಳಗೆ ಹೋದರೆ ಹತ್ತಿರವೇ. ಕಾರುಗಳು ಹಾರ್ನು ಹೊಡೆಯುತ್ತಿದ್ದವು. ಒಬ್ಬ ಆಟೋ ಭಯ್ಯಾ ದಿನವೂ ನನ್ನ ಪಕ್ಕ ಬಂದು, "ದೀದೀ, ಬೈಠ್ ಜಾಓ, ಸೈಕಲ್ ಭೀ ಲೇ ಚಲೂಂಗಾ," ಎಂದು ಸೈಕಲ್ಲಿನ ಸಮೇತ ನನ್ನನ್ನು ಆಟೋಗೆ ಕರೆದು ನಗುತ್ತಿದ್ದ. ಮೊದಲು ಅರ್ಧಕ್ಕೇ ಏದುಸಿರು ಬರುತ್ತಿತ್ತು. ಬರಬರುತ್ತಾ ಫ್ಲೈಓವರು ತಗ್ಗಾಯಿತು. ಒಂದು ದಿನ ಮೇಲೆ ಹೋದ ಮೇಲೆಯೇ ನೆನಪಾಯಿತು, ನಾನು ಏರಿನ ಬಗ್ಗೆ ಯೋಚಿಸಿಯೇ ಇರಲಿಲ್ಲ. ಹಾಲಿನ ಬೂತಿನ ಹತ್ತಿರ ಅರಳಿದ್ದ ಬೂರುಗದ ಹೂವಿನ ಬಗ್ಗೆ ಯೋಚಿಸುತ್ತಿದ್ದೆ.

ಆದರೆ ಭಾನುವಾರ ಘಾಟಿಯಲ್ಲಿ ಮತ್ತೆ ಕೈ ಬಂತು. ಈ ಸಲ ನನಗೆ ಅದು ಬೇಕಿರಲಿಲ್ಲ. ಕಾಲು ಸೋತಿರಲಿಲ್ಲ, ನಿಧಾನವಾಗಿದ್ದೆ ಅಷ್ಟೇ. ನಿಧಾನವಾಗುವುದೂ ಸೋಲುವುದೂ ಮೇಡಂ ಕಣ್ಣಿಗೆ ಒಂದೇ. ಬೇಡ ಅನ್ನಲು ಬಾಯಿ ತೆರೆದೆ, ಉಸಿರು ಮಾತ್ರ ಹೊರಬಂತು. ಅದನ್ನು ಕೇಳಿ ಅವರು ಇನ್ನೂ ಮಮತೆಯಿಂದ, "ಇದೀನಿ ಪುಟ್ಟೀ, ಇದೀನಿ," ಎಂದು ಇನ್ನಷ್ಟು ಜೋರಾಗಿ ತಳ್ಳಿದರು.

ಮುಂದಿನ ವಾರ ಉಪಾಯ ಮಾಡಿ ಎಲ್ಲರಿಗಿಂತ ಮೊದಲು ಹೊರಟೆ. ಮೇಡಂ ಹಿಂದಿನಿಂದ ಬಂದು ಹಿಡಿದರು. ಅದರ ಮುಂದಿನ ವಾರ ಚೈನು ಸರಿಮಾಡುವವಳ ಹಾಗೆ ಬಗ್ಗಿ ಕೊನೆಗೆ ಉಳಿದೆ. ಮೇಡಂ ತಿರುವಿನಲ್ಲಿ ಕಾಲೂರಿ ಕಾಯುತ್ತಿದ್ದರು.

"ನಿಂಗೆ ಮೇಡಂ ಕೈ ಫುಲ್ ಚಾರ್ಜಿಂಗ್ ಪಾಯಿಂಟ್ ಆಗ್ಬಿಟ್ಟಿದೆ," ಎಂದ ಚಿರಂತ್. ಅವನು ಗುಂಪಿನಲ್ಲಿ ಎಲ್ಲರನ್ನೂ ಕೆಣಕುವವನು. ಮಯೂರ್ ವಿಹಾರದಿಂದ ಬರುತ್ತಾನೆ. ಎಲ್ಲರೂ ನಕ್ಕರು, ಮೇಡಂ ಕೂಡ. ನಾನು ಚಹಾದ ಲೋಟದೊಳಗೆ ನೋಡುತ್ತಾ ಕೂತೆ.

ವಾರವೆಲ್ಲ ಚಪಾತಿ ಹಿಟ್ಟು ನಾದುತ್ತಾ ಮಾತು ಕಟ್ಟಿದೆ. ಮೇಡಂ, ದಯವಿಟ್ಟು ಈ ಸಲ ನೀವು ಕೈ ಇಡಬೇಡಿ. ಬಹಳ ಉದ್ದವಾಯಿತು. ಮೇಡಂ, ನಾನೇ ಹತ್ತುತ್ತೇನೆ. ಇದು ಜಂಬದ ಹಾಗೆ ಕೇಳಿಸಿತು. ಭಾವ ಮೂಲೆಗಿಟ್ಟಿದ್ದ ಸೈಕಲ್ಲು ಹಿಡಿದು ಗಲ್ಲಿಯಲ್ಲಿ ಓಲಾಡುತ್ತಿದ್ದವಳನ್ನು ಕರೆದು, ಸೀಟು ಎತ್ತರಿಸಿ, ಗೇರು ಬದಲಿಸುವುದನ್ನು ಕಲಿಸಿ, ತಮ್ಮ ಕಾರಿನ ಹಿಂದೆ ನನ್ನ ಸೈಕಲ್ಲನ್ನೂ ಕಟ್ಟಿಕೊಂಡು ಹೋಗುವವರು ಅವರು. ಅವರ ಕೈಯನ್ನು ಬೇಡ ಅನ್ನುವುದು ಹೇಗೆ?

ಅಷ್ಟರಲ್ಲಿ ಹೋಳಿ ಮುಗಿಯಿತು, ಬಿಸಿಲು ಚುರುಕಾಯಿತು. "ಈ ಭಾನುವಾರ ಕೊನೇ ಘಾಟಿ. ಇನ್ನು ದೀಪಾವಳಿ ಆದ್ಮೇಲೇ," ಎಂದು ಮೇಡಂ ಗುಂಪಿಗೆ ಬರೆದರು. ದೀಪಾವಳಿಗೆ ನಾನು ಇಲ್ಲಿರುವುದಿಲ್ಲ. ಏಪ್ರಿಲ್ಲಿನಿಂದ ಹಂಸಿನಿಗೆ ಇಡೀ ದಿನದ ಶಾಲೆ. ಭಾವ ನನಗೆ ಊರಿನ ಟಿಕೆಟು ಮಾಡಿಸಿಯಾಗಿತ್ತು. ಊರಿಗೆ ಹೋದರೆ ಸುಶೀಲಮ್ಮ ಕೇಳುತ್ತಾರೆ, ಬೆಟ್ಟ ಹೇಗಿತ್ತೇ ಅಂತ. ಹತ್ತದ ಬೆಟ್ಟದ ಬಗ್ಗೆ ನಾನು ಏನು ಹೇಳಲಿ?

ಕೊನೆಯ ಭಾನುವಾರ ಕಾರಿನಿಂದ ಸೈಕಲ್ಲು ಇಳಿಸುವಾಗ ಇನ್ನೂ ನಸುಕು. ಗುಡ್ಡದ ಮೇಲೆ ಮಂಜೋ ದೂಳೋ ತಿಳಿಯದ ಒಂದು ಬೂದು ಪರದೆ. ಅದರೊಳಗೆ ಎಲ್ಲೋ ನವಿಲು ಕೂಗುತ್ತಿತ್ತು. ಎಲೆಯೇ ಇಲ್ಲದ ಮುತ್ತುಗದ ಮರಗಳಲ್ಲಿ ಕೆಂಪು ಹೂ ಮಾತ್ರ ಇದ್ದವು, ಯಾರೋ ದೀಪ ಆರಿಸಲು ಮರೆತ ಹಾಗೆ.

ಒಬ್ಬೊಬ್ಬರಾಗಿ ಮೇಲೆ ಹೊರಟರು. ಮೊದಲ ತಿರುವು ದಾಟಿದೆ. ಎರಡನೆಯದು ಬರುವಾಗಲೇ ಹಿಂದೆ ಚಕ್ರದ ಸದ್ದು ಕೇಳಿಸಿತು, ಆಮೇಲೆ ಮೇಡಂ ಉಸಿರು. ಅವರ ಕೈ ಬರುವ ಮೊದಲೇ ನನ್ನ ಬೆನ್ನು ಕೈಯನ್ನು ಕಾಯತೊಡಗಿತ್ತು. ಅದು ನನಗೆ ಗೊತ್ತಾಗಿ ಹೆದರಿಕೆಯಾಯಿತು. ಬಂತು. ಬೆಚ್ಚಗಿತ್ತು. ರಸ್ತೆ ಮಲಗತೊಡಗಿತು.

"ಬೇಡ!"

ಕಟ್ಟಿದ್ದ ಯಾವ ಮಾತೂ ಅದಲ್ಲ. ಕಿರುಚಿದ ಹಾಗೆಯೇ ಬಂತು. ಪೊದೆಯಿಂದ ಗೌಜಲಕ್ಕಿಗಳು ಪಟಪಟ ಎದ್ದವು.

"ಏನು? ಏನಾಯ್ತೇ? ಕಾಲು ಹಿಡ್ಕೊಳ್ತಾ?"

"ಕೈ ಬೇಡ ಮೇಡಂ. ತೆಗೀರಿ."

"ಬೀಳ್ತೀಯ ಹುಡುಗಿ!"

"ಬೀಳ್ತೀನಿ. ನೀವು ಹೋಗಿ."

ಕೈ ಹೋಯಿತು. ಅದು ಇದ್ದ ಜಾಗಕ್ಕೆ ಗಾಳಿ ತಾಗಿ ತಣ್ಣಗಾಯಿತು. ಮೇಡಂ ಸ್ವಲ್ಪ ಹೊತ್ತು ಪಕ್ಕದಲ್ಲೇ ಬಂದರು. ಆಮೇಲೆ ನನ್ನ ಮುಖವನ್ನೊಮ್ಮೆ ನೋಡಿ, ಎದ್ದು ನಿಂತು ಪೆಡಲು ತುಳಿದು ಮುಂದೆ ಹೋಗಿಬಿಟ್ಟರು. ಅವರ ಬೆನ್ನು ತಿರುವಿನಲ್ಲಿ ಮರೆಯಾಯಿತು. ನಾನು ಅವರನ್ನು ನೋಯಿಸಿದೆ ಎಂದು ಗೊತ್ತಾಯಿತು. ಬೇಗ ಹತ್ತಿಬಿಡಬೇಕು, ಹತ್ತಿ ತೋರಿಸಬೇಕು ಅಂತ ಸಿಟ್ಟಿನಿಂದ ತುಳಿದೆ. ಕೂಗಿದ್ದರಲ್ಲಿಯೇ ಅರ್ಧ ಉಸಿರು ಖರ್ಚಾಗಿತ್ತು. ಕಡಿದಾದ ಕಡೆ ಬಂದಾಗ ಮಿಕ್ಕದ್ದೂ ಮುಗಿಯಿತು. ಕಾಲು ನೆಲಕ್ಕೆ ಬಂತು.

ನಿಂತೆ. ಯಾರೂ ಇರಲಿಲ್ಲ. ಸೈಕಲ್ಲಿನ ಮೇಲೆ ಬಗ್ಗಿ ಉಸಿರೆಳೆದುಕೊಳ್ಳುತ್ತಾ ನನ್ನ ಕಾಲನ್ನೇ ನೋಡಿದೆ. ದೂಳು ಮೆತ್ತಿದ ಕ್ಯಾನ್ವಾಸ್ ಬೂಟು, ಅದರ ಪಕ್ಕ ಒಂದು ಮುತ್ತುಗದ ಹೂ. ಮೇಲಿನ ಅಂಗಡಿ ಇನ್ನು ಸ್ವಲ್ಪವೇ ದೂರ. ಇಲ್ಲಿಂದ ಮತ್ತೆ ಹತ್ತಿ ತುಳಿದರೆ ತಲುಪಬಹುದು. ನಾನು ಕಾಲೂರಿದ್ದನ್ನು ಯಾರೂ ನೋಡಿಲ್ಲ. ಮತ್ತೆ ಚಪ್ಪಾಳೆ ತಟ್ಟುತ್ತಾರೆ.

ಸೈಕಲ್ಲನ್ನು ತಿರುಗಿಸಿ ಕೆಳಗೆ ಹೊರಟೆ.

ಹತ್ತಲು ಅಷ್ಟು ಹೊತ್ತು ಬೇಕಾದ ರಸ್ತೆ ಇಳಿಯುವಾಗ ಒಂದು ನಿಟ್ಟುಸಿರಿನಷ್ಟೇ ಇತ್ತು. ಕಿವಿಯಲ್ಲಿ ಗಾಳಿ. ಕೆಳಗಿನ ಬಯಲಿಗೆ ಬಂದಾಗ ಮೇಲಿನ ಅಂಗಡಿಯ ಕಟ್ಟೆಯ ಮೇಲಿಂದ ಯಾರೋ ಕೂಗಿದರು. ಚಿರಂತ್. ಅಲ್ಲಿಂದ ಗುಡ್ಡದ ಬುಡ ಕಾಣುತ್ತದೆ, ನಡುವಿನ ತಿರುವುಗಳು ಕಾಣುವುದಿಲ್ಲ.

"ಲಾವಣ್ಯಾ! ಮನೆಗೆ ಹೋಗ್ತಿದೀಯಾ? ಸಿಟ್ಟಾ?"

ನಾನು ಕೈ ಆಡಿಸಿದೆ. ಹೌದು ಅಂತಲೋ ಅಲ್ಲ ಅಂತಲೋ ಅವನಿಗೆ ತಿಳಿದಿರಲಾರದು. ಬಾಟಲಿಯ ನೀರು ಕುಡಿದೆ. ಮುಖಕ್ಕೂ ಸ್ವಲ್ಪ ಹಾಕಿಕೊಂಡೆ. ಎಲ್ಲಕ್ಕಿಂತ ಸಣ್ಣ ಗೇರಿಗೆ ಹಾಕಿ, ಮತ್ತೆ ಹೊರಟೆ.

ಈ ಸಲ ಯಾರಿಗೂ ತೋರಿಸುವುದಿರಲಿಲ್ಲ. ನಾನು ಮನೆಗೆ ಹೋದೆ ಅಂತಲೇ ಅವರು ಅಂದುಕೊಂಡಿರಬಹುದು. ಆ ಯೋಚನೆ ಹಗುರಾಗಿತ್ತು. ಮೇಲಕ್ಕೆ ನೋಡಲೇ ಇಲ್ಲ. ಮುಂದಿನ ಚಕ್ರದ ಎದುರು ಒಂದು ಚಾಪೆಯಷ್ಟು ರಸ್ತೆ, ಅದಷ್ಟನ್ನೇ ನೋಡಿದೆ. ಅಲ್ಲಿ ಬೇಕಾದಷ್ಟಿತ್ತು. ಟಾರಿನಲ್ಲಿ ಸಿಕ್ಕಿಕೊಂಡ ಅಭ್ರಕದ ಚೂರುಗಳು ಹೊಳೆಯುತ್ತಿದ್ದವು. ಒಂದು ಇರುವೆಸಾಲು ರಸ್ತೆ ದಾಟುತ್ತಿತ್ತು. ಅದನ್ನು ತಪ್ಪಿಸಿಕೊಂಡು ಹೋಗುವಷ್ಟು ವ್ಯವಧಾನ ನನಗಿತ್ತು. ಚಪ್ಪಟೆಯಾದ ಚಹಾದ ಕಪ್ಪು. ಆಡಿನ ಹಿಕ್ಕೆ. ನನ್ನದೇ ನೆರಳು, ಈಗಷ್ಟೇ ಹುಟ್ಟಿದ ಬಿಸಿಲಿನಲ್ಲಿ ಉದ್ದವಾಗಿ, ನನಗಿಂತ ಮುಂದೆ ಪೊದೆಗಳನ್ನು ಸವರುತ್ತಾ ಹೋಗುತ್ತಿತ್ತು.

ಎರಡನೆಯ ತಿರುವಿನಲ್ಲಿ ಪಕ್ಕದಲ್ಲಿ ಬಳೆಯ ಸದ್ದಾಯಿತು. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಒಬ್ಬ ಹೆಂಗಸು. ಸುತ್ತಲ ಹಳ್ಳಿಯವಳಿರಬೇಕು. ಅವಳು ನಡೆಯುತ್ತಿದ್ದಳು, ನಾನು ಸೈಕಲ್ಲು ತುಳಿಯುತ್ತಿದ್ದೆ, ಇಬ್ಬರೂ ಜೊತೆಯಾಗಿಯೇ ಹೋಗುತ್ತಿದ್ದೆವು. ಅವಳು ಸ್ವಲ್ಪ ಹೊತ್ತು ನನ್ನ ಚಕ್ರವನ್ನು, ಆಮೇಲೆ ನನ್ನ ಮುಖವನ್ನು ನೋಡಿದಳು.

"ಉತರ್ ಜಾ ಛೋರೀ," ಎಂದಳು ಕನಿಕರದಿಂದ. "ಪೈದಲ್ ಜಲ್ದೀ ಪಹುಂಚೇಗೀ."

ಇಳಿದುಬಿಡು ಹುಡುಗಿ, ನಡೆದರೆ ಬೇಗ ತಲುಪುತ್ತೀ. ಅದು ಅಪ್ಪಟ ಸತ್ಯವಾಗಿತ್ತು. ನನಗೆ ನಗು ಬಂತು. ನಗುವಾಗ ಹ್ಯಾಂಡಲು ಹಾವಿನ ಹಾಗೆ ಹರಿಯಿತು, ಇನ್ನೇನು ಅವಳಿಗೇ ಹಾಯಬೇಕು. ಅವಳು "ಅರೇ ಅರೇ" ಎನ್ನುತ್ತಾ ಪಕ್ಕಕ್ಕೆ ಜಿಗಿದು ತಾನೂ ನಕ್ಕಳು. ಹೊರೆ ಕುಲುಕಿ ಹುಲ್ಲಿನ ಎಸಳು ನನ್ನ ತೋಳಿನ ಮೇಲೆ ಉದುರಿದವು. ನಾನು ರಸ್ತೆಯ ಆ ಬದಿಗೆ ಹೋದವಳು ಈ ಬದಿಗೆ ಬಂದೆ, ಮತ್ತೆ ಆ ಬದಿಗೆ ಹೋದೆ. ಹಾಗೆ ಓರೆಯಾಗಿ ಹೋದಾಗ ಏರು ಸ್ವಲ್ಪ ಸಡಿಲವಾಗುತ್ತಿತ್ತು. ಅವಳು ಒಂದು ಕಾಲುದಾರಿಗೆ ತಿರುಗಿ ಜಾಲಿಯ ನಡುವೆ ಮರೆಯಾದಳು. ಹುಲ್ಲಿನ ಹೊರೆ ಮಾತ್ರ ಪೊದೆಗಳ ಮೇಲೆ ಬಹಳ ದೂರದವರೆಗೂ ತೇಲುತ್ತಾ ಹೋಯಿತು.

ಆಮೇಲೆ ನಾನು ಮೊದಲು ಕಾಲೂರಿದ್ದ ಜಾಗ ಬಂತು. ಅಲ್ಲಿ ತೊಡೆ ಉರಿಯಿತು. ಉಸಿರು ಗರಗಸದ ಹಾಗೆ ಹೋಗಿ ಬರುತ್ತಿತ್ತು. ಬೆನ್ನು ಮತ್ತೆ ಕಾದಿತು, ಅಭ್ಯಾಸಬಲ, ಏನೂ ಬರಲಿಲ್ಲ. ಬರದೇ ಇದ್ದಾಗ ನನ್ನೊಳಗೆ ಎಲ್ಲಿಯೋ, ಹೊಟ್ಟೆಯ ಕೆಳಗೆ, ಇನ್ನೊಂದು ತುಳಿತದಷ್ಟು ಬಲ ಸಿಕ್ಕಿತು. ಅದು ಮುಗಿದಾಗ ಇನ್ನೊಂದು. ಇಷ್ಟು ದಿನ ಇದು ಎಲ್ಲಿತ್ತೋ. ಕೇಳಿದವರಿಗೆ ಮಾತ್ರ ಕೊಡುವ ಜಿಪುಣಿಯ ಹಾಗೆ ನನ್ನ ಮೈ ಒಂದೊಂದೇ ತುಳಿತವನ್ನು ತೆಗೆದು ಕೊಡುತ್ತಿತ್ತು. ಲೋಕ ಬಹಳ ಸದ್ದಿಲ್ಲದಾಯಿತು. ನವಿಲಿನ ಕೂಗೂ ನೀರಿನಡಿಯಿಂದ ಬಂದ ಹಾಗಿತ್ತು. ಚಾಪೆಯಷ್ಟು ರಸ್ತೆ, ಅದರ ಮೇಲೆ ಚಕ್ರ, ಚಕ್ರದ ಮೇಲೆ ಎಲ್ಲೋ ನಾನು.

ಆಮೇಲೆ ಪೆಡಲು ಇದ್ದಕ್ಕಿದ್ದಂತೆ ಹಗುರಾಯಿತು. ಯಾರೋ ಕೈ ಇಟ್ಟರು ಅಂತ ಬೆಚ್ಚಿ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ರಸ್ತೆ ಸಮವಾಗಿತ್ತು. ಎದುರಿಗೆ ಚಹಾದಂಗಡಿಯ ನೀಲಿ ಟಾರ್ಪಾಲು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾನು ಬರುವುದನ್ನು ಯಾರೂ ನೋಡುತ್ತಿರಲಿಲ್ಲ. ಚಿರಂತ್ ಕಟ್ಟೆಯ ಮೇಲೆ ಮಲಗಿ ಮೊಬೈಲು ನೋಡುತ್ತಿದ್ದ. ಸೈಕಲ್ಲು ಅವನ ಪಕ್ಕಕ್ಕೆ ಬಂದು ನಿಂತಾಗಲೇ ಅವನು ಎದ್ದು ಕೂತದ್ದು.

"ಅಯ್ಯೋ! ನೀನು ಹೋದ್ಯಲ್ಲ?"

"ಬಂದೆ."

"ಕೆಳಗಿಂದನಾ? ಮತ್ತೆ?"

ನಾನು ತಲೆಯಾಡಿಸಿದೆ. ಮಾತಿಗೆ ಬೇಕಾದ ಉಸಿರು ಇನ್ನೂ ಬಂದಿರಲಿಲ್ಲ. ಅವನು ದನಿ ಇಳಿಸಿ, ಬೆಂಚಿನ ಕಡೆ ಕಣ್ಣು ತೋರಿಸಿ ಹೇಳಿದ. "ಮೇಡಂ ಮುಖ ಊದಿಸ್ಕೊಂಡು ಕೂತಿದಾರೆ. ಯಾರಿಗೂ ಪರಾಠಾ ಹೇಳಕ್ಕೆ ಬಿಟ್ಟಿಲ್ಲ. ಹಸ್ಕೊಂಡು ಸಾಯ್ತಿದೀವಿ ಮಾರಾಯ್ತಿ."

ಮೇಡಂ ನನ್ನ ಕಡೆ ತಿರುಗಲಿಲ್ಲ. ನಾನು ಸೈಕಲ್ಲು ಒರಗಿಸಿ, ಹೋಗಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ.

"ನಮ್ಮ ಸಚಿವಾಲಯದ ಸೆಕ್ರೆಟರಿ ಕೂಡ ನನಗೆ 'ನೀವು ಹೋಗಿ' ಅಂದಿಲ್ಲ ಕಣೇ," ಎಂದರು ಮೇಡಂ, ಎದುರಿನ ಗುಡ್ಡಕ್ಕೆ ಹೇಳುವವರ ಹಾಗೆ.

"ತಪ್ಪಾಯ್ತು ಮೇಡಂ. ಕೂಗ್ಬಾರದಿತ್ತು."

"ಕೂಗಿದ್ದಲ್ಲ." ಅವರು ಈಗ ತಿರುಗಿ ನನ್ನನ್ನು ನೋಡಿದರು. ತೋಳಿನ ಮೇಲಿದ್ದ ಹುಲ್ಲಿನ ಎಸಳನ್ನು ತೆಗೆದು ಬಿಸಾಡಿದರು. "ಮೊದಲ್ನೇ ವಾರಾನೇ ಯಾಕೆ ಹೇಳ್ಲಿಲ್ಲ? ಪ್ರತಿ ವಾರ ನಿನ್ನ ತಳ್ಳಿ ತಳ್ಳಿ ನನ್ನ ಭುಜ ಹಿಡ್ಕೊಂಡಿದೆ. ರಾತ್ರಿಯೆಲ್ಲ ಬಾಮ್ ಹಚ್ಕೊಂಡು ಮಲಗ್ತೀನಿ. ಗೊತ್ತಾ?"

ನಾನು ಬೆಪ್ಪಾಗಿ ನೋಡಿದೆ. ಅವರ ಬಾಯಿಯ ಮೂಲೆ ಅಲುಗುತ್ತಿತ್ತು. ಇಬ್ಬರಿಗೂ ಒಟ್ಟಿಗೇ ನಗು ಬಂತು. ನಕ್ಕು ನಕ್ಕು ನನ್ನ ಪಕ್ಕೆ ಹಿಡಿದುಕೊಂಡಿತು.

"ಚಲೋ, ಈಗ ಹೇಳ್ರೋ ಪರಾಠಾ!" ಎಂದು ಮೇಡಂ ಎದ್ದು ಅಂಗಡಿಯ ಕಡೆ ಹೋದರು. ಎಲ್ಲರೂ ಅವರ ಹಿಂದೆ ನುಗ್ಗಿದರು. ಆಲೂ ಎಷ್ಟು, ಮೂಲಂಗಿ ಎಷ್ಟು ಎಂದು ಗಲಾಟೆಯಾಯಿತು.

ನಾನು ಅಲ್ಲೇ ಕೂತೆ. ಈ ಜಾಗಕ್ಕೆ ಎಷ್ಟು ಸಲ ಬಂದಿದ್ದೆ. ಇಲ್ಲಿಂದ ಏನು ಕಾಣುತ್ತದೆ ಅಂತ ಕಣ್ಣೆತ್ತಿ ನೋಡಿಯೇ ಇರಲಿಲ್ಲ. ಬೂದು ಪರದೆ ಕರಗುತ್ತಿತ್ತು. ಕೆಳಗೆ ಹಳೆಯ ಕಲ್ಲುಗಣಿಯೊಂದರಲ್ಲಿ ಹಸಿರು ನೀರು ನಿಂತಿತ್ತು. ಅದರಾಚೆ ಗುಡ್ಡದ ಮೇಲೆ ಗುಡ್ಡ, ಎಲ್ಲವೂ ಜಾಲಿಯ ಬಣ್ಣ, ನಡುನಡುವೆ ಮುತ್ತುಗದ ಕಿಡಿ. ಎಲ್ಲಕ್ಕಿಂತ ಆಚೆ ಗುರುಗ್ರಾಮದ ಕಟ್ಟಡಗಳು ಬುಡವಿಲ್ಲದೆ ಗಾಳಿಯಲ್ಲಿ ನಿಂತಿದ್ದವು. ಗಣಿಯ ಅಂಚಿನಲ್ಲಿ ಒಂದು ನೀಲಗಾಯಿ ಕತ್ತೆತ್ತಿ ನಿಂತು, ಏನೋ ಯೋಚಿಸಿ, ಮತ್ತೆ ಮೇಯತೊಡಗಿತು.

ಬೆವರು ಆರುತ್ತಿತ್ತು. ಮಂಡಿಗಳು ತಮ್ಮಷ್ಟಕ್ಕೆ ನಡುಗುತ್ತಿದ್ದವು, ನಾನು ಅವನ್ನು ನಡುಗಲು ಬಿಟ್ಟೆ. ಬಿಸಿಲೇರುವುದರೊಳಗೆ ಎಲ್ಲರೂ ಹೊರಡಬೇಕೆಂದು ಗೊತ್ತಿತ್ತು. ಆದರೂ ಇಳಿಯುವುದಕ್ಕೆ ನನಗೇನೂ ಅವಸರವಿರಲಿಲ್ಲ.